ಪಾರಿಜಾತದ ಗೊಲ್ಲತಿ ಪ್ರಸಂಗ: ಆಟದೊಳಗಿನ ಪಾಠಶಾಲೆ

ಶ್ರೀಕೃಷ್ಣ ಪಾರಿಜಾತವನ್ನು ಕುರಿತ ಬರಹಗಳಲ್ಲಿ ಗೊಲ್ಲತಿ ಪ್ರಸಂಗಕ್ಕೆ ಸಾಮಾನ್ಯವಾಗಿ ಒಂದು ಪ್ಯಾರಾ ಮೀಸಲಾಗಿರುತ್ತದೆ; ಅದೂ ‘ಹಾಸ್ಯಕ್ಕಾಗಿ ಸೇರಿದ ಭಾಗ’ ಎಂಬ ಷರಾದೊಡನೆ. ವಿದ್ವಾಂಸರ ಆಸಕ್ತಿಯೆಲ್ಲ ಸತ್ಯಭಾಮೆಯ ವಿರಹದ ಹಾಡುಗಳ ಕಡೆಗೆ, ಕರ್ತೃತ್ವದ ಚರ್ಚೆಯ ಕಡೆಗೆ, ಇಲ್ಲವೆ ಆಟದ ಸಂಗೀತದ ಕಡೆಗೆ ಹರಿದಿದೆ. ಪ್ರಸ್ತುತ ಲೇಖನವು ಈ ಉಪೇಕ್ಷಿತ ಪ್ರಸಂಗವನ್ನೇ ವಿಮರ್ಶೆಗೆ ಎತ್ತಿಕೊಳ್ಳುತ್ತದೆ. ಪಾರಿಜಾತದ ಮೇಳವನ್ನು ಒಂದು ಪ್ರದರ್ಶನ ಕಲೆಯ ಶಾಲೆಯೆಂದು ಪರಿಗಣಿಸುವುದಾದರೆ ಆ ಶಾಲೆಯ ಕಠಿಣವಾದ ಪಾಠ ನಡೆಯುವುದು ಇಲ್ಲಿಯೇ ಎಂಬುದು ನನ್ನ ವಾದ. ಇಡೀ ರಾತ್ರಿಯ ಆಟವನ್ನು ಕಿರುತೆರೆಯ ಅವಧಿಗೋ ನಗರದ ರಂಗಮಂದಿರದ ಅವಧಿಗೋ ಕುಗ್ಗಿಸುವಾಗ ಕತ್ತರಿಗೆ ಸುಲಭವಾಗಿ ಸಿಕ್ಕುವುದೂ ಇದೇ ಆದ್ದರಿಂದ ಈ ಪ್ರಶ್ನೆ ಕೇವಲ ಶಾಸ್ತ್ರೀಯ ಕುತೂಹಲದ್ದಲ್ಲ.

ರಾಯಚೂರು ಸೀಮೆಯ ಅಪರಾಳ ತಮ್ಮಣ್ಣನ ಕೃತಿಗೆ ಆಟದ ರೂಪ ಕೊಟ್ಟು ಬಯಲಿಗೆ ತಂದವನು ಕುಲಗೋಡ ತಮ್ಮಣ್ಣ ಎಂಬುದು ಸಾಮಾನ್ಯವಾಗಿ ಒಪ್ಪಿತವಾಗಿರುವ ಸಂಗತಿ. ಕುಲಗೋಡ ಹಳೆಯ ಗೋಕಾಕ ತಾಲ್ಲೂಕಿನ ಊರು; ತಾಲ್ಲೂಕು ಒಡೆದ ಮೇಲೆ ಈಗ ಮೂಡಲಗಿಗೆ ಸೇರಿದೆ. ಪಾರಿಜಾತದಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮನ ಊರೂ ಇದೇ ಸೀಮೆಯದು. ಘಟಪ್ರಭೆಯ ದಂಡೆಯ ಮೇಲೆ, ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ‘ಉತ್ತರ ಕರ್ನಾಟಕದ ಜನಪದ ರಂಗಭೂಮಿ’ಯನ್ನು ಬರೆದರು. ಒಂದು ಕಲೆಯನ್ನು ಕಟ್ಟಿದವರೂ ಆಡಿದವರೂ ಅದನ್ನು ಕುರಿತು ಬರೆದವರೂ ಒಂದೇ ನೀರು ಕುಡಿದವರಾಗಿರುವುದು ಅಪರೂಪ. ಹುಕ್ಕೇರಿ ಬಾಳಪ್ಪನವರ ಹೆಸರನ್ನು ಕೆಲವರು ಇಲ್ಲಿಗೆ ಜೋಡಿಸುವುದುಂಟು. ಅವರು ಮುರಗೋಡದವರು, ಹುಕ್ಕೇರಿ ಎಂಬುದು ಅವರ ಮನೆತನದ ಹೆಸರು.

ಪಾರಿಜಾತದ ಕಥೆ ಎಲ್ಲರಿಗೂ ತಿಳಿದುದು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ, ಮುನಿಸು ತಿಳಿಯಾಗುವ ಹೊತ್ತಿಗೆ ಬೆಳಗಾಗಿರುತ್ತದೆ. ಗೊಲ್ಲತಿ ಈ ಕಥೆಗೆ ಸೇರಿದವಳಲ್ಲ. ದೇವತಾಸ್ತುತಿ ಮುಗಿದು, ಜನ ಇನ್ನೂ ಕಂಬಳಿ ಹಾಸಿ ಜಾಗ ಹಿಡಿಯುತ್ತಿರುವ ಹೊತ್ತಿನಲ್ಲಿ ಅವಳು ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಗಡಿಗೆ ಹೊತ್ತು ಹಾಲು ಮೊಸರು ಮಾರಲು ಬರುತ್ತಾಳೆ. ದಾರಿಗೆ ಅಡ್ಡ ನಿಂತವನು ಅವಳನ್ನು ತಡೆದು ಪ್ರಶ್ನಿಸುತ್ತಾನೆ. ಯಾವ ಊರವಳು, ಯಾರ ಹೆಂಡತಿ, ಹಾಲೆಷ್ಟು ನೀರೆಷ್ಟು ಎಂದು ಆರಂಭವಾದ ವಿಚಾರಣೆ ನೋಡನೋಡುತ್ತಿದ್ದಂತೆ ಹಾಲು ಹೆಪ್ಪಾಗುವ, ಮೊಸರು ಕಡೆದರೆ ಬೆಣ್ಣೆಯಾಗುವ ಒಗಟುಗಳಿಗೆ ಏರುತ್ತದೆ. ಮರುಕ್ಷಣವೇ ಸಂತೆಯ ದರಕ್ಕೆ ಇಳಿಯುತ್ತದೆ. ತೆಲುಗಿನ ಕೂಚಿಪೂಡಿ ಪರಂಪರೆಯ ಗೊಲ್ಲಕಲಾಪದಲ್ಲಿಯೂ ಗೊಲ್ಲತಿಯೊಬ್ಬಳು ಬ್ರಾಹ್ಮಣನೊಡನೆ ತತ್ತ್ವಜಿಜ್ಞಾಸೆಗೆ ನಿಲ್ಲುತ್ತಾಳೆ. ಅಲ್ಲಿ ವಾದಕ್ಕೆ ಪಠ್ಯವುಂಟು, ಸಿದ್ಧಾಂತವುಂಟು. ನಮ್ಮ ಗೊಲ್ಲತಿಗೆ ಹಾಡಿನ ಆಸರೆ ಮಾತ್ರ ಇದೆ. ಹಾಡು ಮುಗಿದೊಡನೆ ಅವಳು ಒಂಟಿ.

ಈ ಒಂಟಿತನವೇ ಪ್ರಸಂಗದ ಜೀವಾಳ. ಕರಾವಳಿಯ ಯಕ್ಷಗಾನದಲ್ಲಿ ಪದ ಹೇಳುವವನು ಭಾಗವತ, ಅರ್ಥ ಹೇಳುವವನು ವೇಷಧಾರಿ. ಪಾರಿಜಾತದಲ್ಲಿ ಪಾತ್ರಧಾರಿಯೇ ಹಾಡಬೇಕು, ತಾನು ಹಾಡಿದ್ದಕ್ಕೆ ತಾನೇ ಮಾತು ಬೆಳೆಸಬೇಕು. ಪೇಟಿಯವನು ಸ್ವರ ತಪ್ಪಿದರೆ ಎತ್ತಿಕೊಡುತ್ತಾನೆ, ಹಿಮ್ಮೇಳದವರು ಸೊಲ್ಲು ಮರೆತರೆ ತುಂಬಿಕೊಡುತ್ತಾರೆ. ಮಾತು ತಪ್ಪಿದರೆ ಎತ್ತಿಕೊಡುವವರಿಲ್ಲ. ಸತ್ಯಭಾಮೆಯ ಪಾತ್ರದಲ್ಲಿ ಹಾಡುಗಳೇ ಹೆಚ್ಚು. ಅವುಗಳನ್ನು ತಾಲೀಮಿನಲ್ಲಿ ಕೂತು ಕಲಿಯಬಹುದು. ಗೊಲ್ಲತಿಯನ್ನು ತಾಲೀಮಿನಲ್ಲಿ ಕಲಿಯಲಾಗದು, ಏಕೆಂದರೆ ಎದುರಿಗಿನವನು ಈ ರಾತ್ರಿ ಯಾವ ಪ್ರಶ್ನೆ ಎಸೆಯುತ್ತಾನೆಂಬುದು ಅವನಿಗೂ ಗೊತ್ತಿರುವುದಿಲ್ಲ. ಹಾಲಿನ ಡೇರಿ ಇರುವ ಊರಿನಲ್ಲಿ ಫ್ಯಾಟಿನ ಲೆಕ್ಕ ಮಾತಿಗೆ ಬರುತ್ತದೆ. ಕಬ್ಬಿನ ಬಿಲ್ಲು ಬಾರದ ವರ್ಷ ಗೊಲ್ಲತಿ ಉದ್ದರಿ ಕೊಡುವುದಿಲ್ಲವೆಂದು ಗಡಿಗೆ ಮುಚ್ಚಿಕೊಳ್ಳುತ್ತಾಳೆ. ಉತ್ತರ ಸರಿಬಿದ್ದರೆ ಕೂತ ಜನ ಎದ್ದು ಬಂದು ಆಯಾರ ಮಾಡುತ್ತಾರೆ. ತಪ್ಪಿದರೆ ಪ್ರಶ್ನಿಸುವವನೇ ಮತ್ತೊಂದು ಪ್ರಶ್ನೆಯಿಂದ ಅವಳನ್ನು ಮೇಲೆತ್ತಬೇಕು. ಕೇಳುವವನ ಕೆಲಸ ಸೋಲಿಸುವುದಷ್ಟೇ ಅಲ್ಲ, ಆಟ ಬೀಳದಂತೆ ಹಿಡಿಯುವುದೂ ಹೌದು. ಪಾತ್ರ ಹೊಸಬನ ಕೈಗೆ ಬಂದರೆ ಪ್ರಸಂಗ ಅವನನ್ನು ಪರೀಕ್ಷಿಸುತ್ತದೆ. ಹಳಬನ ಕೈಗೆ ಬಂದರೆ ಹರಿತಗೊಳಿಸುತ್ತದೆ.

ಆಲ್ಬರ್ಟ್ ಲಾರ್ಡ್ 1960ರ ತಮ್ಮ ‘ದಿ ಸಿಂಗರ್ ಆಫ್ ಟೇಲ್ಸ್’ ಗ್ರಂಥದಲ್ಲಿ ಯುಗೊಸ್ಲಾವಿಯದ ಮಹಾಕಾವ್ಯ ಗಾಯಕರ ಕಲಿಕೆಯನ್ನು ಮೂರು ಹಂತಗಳಲ್ಲಿ ವಿವರಿಸಿದ್ದಾರೆ: ಕೇಳುವುದು, ಹಾಡತೊಡಗುವುದು, ವಿಮರ್ಶಕ ಶ್ರೋತೃಗಳ ಎದುರು ಒಂದು ಹಾಡನ್ನು ಪೂರ್ಣವಾಗಿ ಹಾಡುವುದು. ನಮ್ಮ ಜಾನಪದ ಅಧ್ಯಯನಗಳು ಈ ಚೌಕಟ್ಟನ್ನು ಎಲ್ಲ ಮೌಖಿಕ ಪರಂಪರೆಗಳಿಗೂ ಸ್ವಲ್ಪ ಧಾರಾಳವಾಗಿಯೇ ಅನ್ವಯಿಸಿವೆ. ಅದು ಒಬ್ಬನೇ ಗಾಯಕನ ಕಲೆಗೆ ಒಪ್ಪುವ ಮಾದರಿ. ಮೇಳದಲ್ಲಿ ಕಲಿಕೆ ಇಬ್ಬರ ನಡುವೆ, ಅದೂ ರಂಗದ ಮೇಲೆಯೇ, ನಡೆಯುತ್ತದೆ. ಮೂರನೆಯ ಹಂತ ಎಂದೂ ಮುಗಿಯುವುದಿಲ್ಲ, ಪ್ರತಿ ಜಾತ್ರೆಯಲ್ಲಿಯೂ ಮರಳಿ ಬರುತ್ತದೆ.

ಇದಕ್ಕೆ ತೀರ ಭಿನ್ನವಾದ ಒಂದು ಮಾದರಿಯನ್ನು ಹೋಲಿಕೆಗಾಗಿ ನೋಡಬಹುದು. ನ್ಯೂಯಾರ್ಕಿನ ಪ್ರದರ್ಶನ ಕಲೆಗಳ ಪ್ರೌಢಶಾಲೆಯನ್ನು ವಸ್ತುವಾಗಿಸಿಕೊಂಡು 1980ರಲ್ಲಿ ‘ಫೇಮ್’ ಎಂಬ ಚಲನಚಿತ್ರ ಬಂದಿತು; ಅದೇ ಹೆಸರಿನ ದೂರದರ್ಶನ ಧಾರಾವಾಹಿ 1982ರಿಂದ 1987ರವರೆಗೆ ಅಮೆರಿಕದಲ್ಲಿ ಪ್ರಸಾರವಾಯಿತು. ಅದರ ಒಂದು ಕಂತಿನ ಸಾಮಾನ್ಯ ರಚನೆಯನ್ನು ಗಮನಿಸಬೇಕು. ಸಂಗೀತದ, ನೃತ್ಯದ ಅಥವಾ ನಾಟಕದ ವಿದ್ಯಾರ್ಥಿಯೊಬ್ಬನಿಗೆ ಒಂದು ತೊಡಕು ಎದುರಾಗುತ್ತದೆ. ಗುರುವಿನ ಗದರಿಕೆ, ಗೆಳೆಯರ ಒತ್ತಾಸೆ. ಕಂತು ಮುಗಿಯುವುದರೊಳಗೆ ಒಂದು ಹಾಡು ಅಥವಾ ಕುಣಿತದೊಡನೆ ತೊಡಕು ಬಿಡುತ್ತದೆ. ಇಲ್ಲಿ ಕಲಿಕೆಯೆಂಬುದು ಕಥೆಯ ವಿಷಯ. ಪಾತ್ರ ಕಲಿಯುತ್ತದೆ; ನಟ ಮೊದಲೇ ಕಲಿತು, ಚಿತ್ರೀಕರಿಸಿ, ತಪ್ಪನ್ನು ಕತ್ತರಿಸಿ ತೋರಿಸುತ್ತಾನೆ. ಗೊಲ್ಲತಿ ಪ್ರಸಂಗದಲ್ಲಿ ಇದು ತಲೆಕೆಳಗು. ಗೊಲ್ಲತಿ ಎಂಬ ಪಾತ್ರ ಏನನ್ನೂ ಕಲಿಯುವುದಿಲ್ಲ. ಬಂದಾಗ ಎಷ್ಟು ಜಾಣೆಯೋ ಹೋಗುವಾಗಲೂ ಅಷ್ಟೇ ಜಾಣೆ. ಕಲಿಯುವವನು ಪಾತ್ರಧಾರಿ, ಮತ್ತು ಅವನು ಕಲಿಯುವುದನ್ನು, ಕೆಲವೊಮ್ಮೆ ಕಲಿಯಲಾಗದೆ ತಡವರಿಸುವುದನ್ನು, ಊರೆಲ್ಲ ನೋಡುತ್ತದೆ. ತಡವರಿಕೆ ಇಲ್ಲಿ ದೋಷವಲ್ಲ, ನೋಟದ ಭಾಗ. ‘ಫೇಮ್’ನಂಥ ಧಾರಾವಾಹಿಯನ್ನು ಈ ಕಾರಣಕ್ಕೆ ಹೀಗಳೆಯಬೇಕಿಲ್ಲ, ಅದರ ನೃತ್ಯಭಾಗಗಳಲ್ಲಿ ದುಡಿಮೆಯ ಬೆವರು ಕಾಣಿಸುತ್ತದೆ. ಆದರೆ ಕ್ಯಾಮೆರಾ ಬಲ್ಲದ್ದು ಫಲಿತವನ್ನು. ಕಾಯುವುದನ್ನು ಅದು ಬಲ್ಲದು ಎನ್ನಲು ನನಗೆ ಆಧಾರ ಸಿಕ್ಕಿಲ್ಲ.

ಬೆಂಗಳೂರಿನಲ್ಲಿ 1981ರಲ್ಲಿ ದೂರದರ್ಶನ ಕೇಂದ್ರ ಆರಂಭವಾದ ಮೇಲೆ ಉತ್ತರ ಕರ್ನಾಟಕದ ಆಟಗಳಿಗೂ ತೆರೆಯ ಅವಕಾಶ ತೆರೆದುಕೊಂಡಿತು. ಗೋಕಾಕ ಸೀಮೆಯ ಹೊರಗಿನವರು ಪಾರಿಜಾತವನ್ನು ಕಾಣುವಂತಾದುದರಲ್ಲಿ ಕಿರುತೆರೆಯ ಪಾಲೂ ಇದೆ. ಧಾರವಾಡದ ಬಸವಲಿಂಗಯ್ಯ ಹಿರೇಮಠರಂಥವರು ಆಟವನ್ನು ಎರಡು ಮೂರು ಗಂಟೆಗಳ ಪ್ರಯೋಗವಾಗಿಸಿ ನಗರಗಳಿಗೆ ಒಯ್ದುದರಿಂದ ಹೊಸ ಪ್ರೇಕ್ಷಕವರ್ಗ ದೊರಕಿತು. ಸಂಕ್ಷೇಪವನ್ನು ಅಪರಾಧವೆಂದು ಕಾಣುವ ಶುದ್ಧವಾದ ನನ್ನದಲ್ಲ. ಇಡೀ ರಾತ್ರಿ ಕೂಡಬಲ್ಲ ಜನರೇ ಇಲ್ಲದಲ್ಲಿ ಇಡೀ ರಾತ್ರಿಯ ಆಟಕ್ಕೆ ಹಟ ಹಿಡಿಯುವುದು ಕಲಾವಿದನ ಹೊಟ್ಟೆಯ ಮೇಲೆ ಹೊಡೆದಂತೆ. ಪ್ರಶ್ನೆ ಇರುವುದು ಯಾವುದನ್ನು ಉಳಿಸಿ ಯಾವುದನ್ನು ಬಿಡುತ್ತೇವೆ ಎಂಬಲ್ಲಿ. ಅರ್ಧ ಗಂಟೆಯ ಅವಧಿಯಲ್ಲಿ ಕಥೆ ಪೂರೈಸಬೇಕಾದ ನಿರ್ಮಾಪಕನಿಗೆ ಕಥೆಗೆ ಸಂಬಂಧಿಸದ ಗೊಲ್ಲತಿ ಹೊರೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಉಳಿಸಿಕೊಂಡರೂ ಮಾತನ್ನು ಮೊದಲೇ ಬರೆದು ಒಪ್ಪಿಸಬೇಕಾಗುತ್ತದೆ. ಬರೆದ ಪ್ರಶ್ನೆಗೆ ಬರೆದ ಉತ್ತರ ಕೊಡುವ ಗೊಲ್ಲತಿಯು ಗಡಿಗೆ ಹೊತ್ತ ವೇಷ ಮಾತ್ರ. ತರಬೇತಿ ಶಿಬಿರಗಳ ವಿಚಾರದಲ್ಲಿಯೂ ಇದೇ ಮಾತು ಸಲ್ಲುತ್ತದೆ. ನಿಗದಿತ ದಿನಗಳಲ್ಲಿ ಕಲಿಸಿ ಕೊನೆಯ ದಿನ ಪ್ರದರ್ಶನ ತೋರಿಸಬೇಕಾದ ಶಿಬಿರವು ಸಹಜವಾಗಿಯೇ ಹಾಡುಗಳಿಗೆ ಒತ್ತು ಕೊಡುತ್ತದೆ. ಅಲ್ಲಿಂದ ಹೊರಬರುವ ಯುವಕರು ಸೊಗಸಾಗಿ ಹಾಡುತ್ತಾರೆ. ಎದುರಿನವನು ಒಂದು ಅಡ್ಡಪ್ರಶ್ನೆ ಎಸೆದರೆ ಪೇಟಿಯ ಕಡೆ ನೋಡುತ್ತಾರೆ.

ಈ ಪ್ರಸಂಗದ ಮಾತು ಅಶ್ಲೀಲದ ಅಂಚಿಗೆ ಹೋಗುತ್ತದೆ, ಭಕ್ತಿಪ್ರಧಾನವಾದ ಆಟಕ್ಕೆ ಕುಂದು ತರುತ್ತದೆ ಎಂಬ ಆಕ್ಷೇಪ ಹಳೆಯದು. ಮಾತು ಒರಟಾಗುವುದು ನಿಜ. ಆದರೆ ಒರಟುತನ ಯಾರದು, ಯಾರ ಮೇಲೆ ಎಂಬುದನ್ನು ಬಿಡಿಸಿ ನೋಡಬೇಕು. ಪುರುಷನೇ ಸ್ತ್ರೀವೇಷ ಹಾಕಿದಾಗ ದಾರಿ ತಡೆದವನ ಕೀಟಲೆ ಇಬ್ಬರು ಗಂಡಸರ ನಡುವಣ ವಿನೋದ. ಕೌಜಲಗಿ ನಿಂಗಮ್ಮನಂಥ ಹೆಣ್ಣು ರಂಗಕ್ಕೆ ಬಂದ ಮೇಲೆ ಅದೇ ಸಾಲುಗಳ ತೂಕ ಬೇರೆಯಾಗುತ್ತದೆ. ಸಾವಿರ ಗಂಡಸರು ಕೂತ ಬಯಲಿನಲ್ಲಿ, ನಡುರಾತ್ರಿ, ಒಬ್ಬ ಹೆಣ್ಣು ತನ್ನನ್ನು ತಡೆದವನಿಗೆ ಉತ್ತರ ಕೊಡುತ್ತಾಳೆ. ಗೆಲ್ಲುವುದು ಅವಳೇ ಆಗಿರಬೇಕೆಂಬುದು ಆಟದ ಕಟ್ಟಳೆ. ಮೇಳವೆಂಬ ಶಾಲೆಯನ್ನು ಹೊಗಳುವ ಭರದಲ್ಲಿ ಅದರ ಬಾಗಿಲು ಎಲ್ಲರಿಗೂ ಒಂದೇ ತೆರನಾಗಿ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು. ಗಂಡಸಿಗೆ ವೇಷ ಕಳಚಿದರೆ ಮುಗಿಯಿತು. ಆಡುವ ಹೆಣ್ಣಿಗೆ ಬೆಳಗಾದ ಮೇಲೂ ಊರಿನ ಮಾತು ಬೆನ್ನು ಹತ್ತುತ್ತಿತ್ತು. ನಮ್ಮ ಸಂಶೋಧನೆಗಳು ಪಾರಿಜಾತದ ಕಲಾವಿದೆಯರ ಕಂಠಸಿರಿಯನ್ನು ದಾಖಲಿಸಿವೆ. ಅವರ ಮಾತುಗಾರಿಕೆಯನ್ನು, ಅಂದರೆ ಅವರ ಬುದ್ಧಿಯನ್ನು, ದಾಖಲಿಸಿದ್ದು ಕಡಿಮೆ.

ಗೊಲ್ಲತಿಯ ಈ ಗುಣ ಬರೆದ ನಾಟಕಕ್ಕೂ ಹರಿದಿದೆ. ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಸೂತ್ರಧಾರ, ಹಿಮ್ಮೇಳಗಳು ಮಾತಿನಲ್ಲಿ ತೊಡಕು ಹಾಕಿ ಬಿಡಿಸುವ ರೀತಿಗೆ ಘೋಡಗೇರಿಯ ಪರಿಸರದ ಬಯಲಾಟವೇ ಮೂಲ, 1972ರಲ್ಲಿ ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತಂದಾಗ ನಗರದ ಪ್ರೇಕ್ಷಕರಿಗೆ ಹೊಸತಾಗಿ ಕಂಡದ್ದರಲ್ಲಿ ಇದೂ ಒಂದು. ಆದರೆ ಅಲ್ಲಿನ ಮಾತು ಕವಿಯದು. ಅದನ್ನು ಪಾರಿಜಾತದ ಮಾತಿಗೆ ಪರ್ಯಾಯವೆಂದು ಭಾವಿಸಲಾಗದು.

ಇನ್ನು ಮುಂದಿನ ದಾಖಲಾತಿಯ ಮಾತು. ಒಂದು ಮೇಳದ ಒಂದು ಆಟವನ್ನು ಅಚ್ಚುಕಟ್ಟಾಗಿ ಚಿತ್ರೀಕರಿಸಿ ಗ್ರಂಥಾಲಯದಲ್ಲಿಟ್ಟರೆ ಗೊಲ್ಲತಿ ಪ್ರಸಂಗ ದಾಖಲಾಗುವುದಿಲ್ಲ. ಒಂದು ರಾತ್ರಿಯ ಉತ್ತರಗಳಷ್ಟೇ ದಾಖಲಾಗುತ್ತವೆ. ಅದೇ ಜೋಡಿ ಬೇರೆ ಬೇರೆ ಊರುಗಳಲ್ಲಿ ಆಡಿದ ಮೂರು ನಾಲ್ಕು ರಾತ್ರಿಗಳನ್ನು, ನಡುವೆ ಕತ್ತರಿಸದೆ, ಪ್ರೇಕ್ಷಕರ ಕೂಗನ್ನೂ ಸೇರಿಸಿ ಹಿಡಿದಿಡಬೇಕು. ಮೂಡಲಗಿ, ಗೋಕಾಕ, ಹುಕ್ಕೇರಿ ತಾಲ್ಲೂಕುಗಳ ಜಾತ್ರೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಂದು ಹಂಗಾಮಿನಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು.