ಅಚ್ಚಿನ ಪಾಠ ಮತ್ತು ಮೂಲಾಕ್ಷರ: ಚಿತ್ರದುರ್ಗದ ನಿದರ್ಶನ

ಮೂಲದಲ್ಲಿ ಸಂದಿಗ್ಧವಾಗಿದ್ದ ಅಕ್ಷರವೂ ಅಚ್ಚಾದೊಡನೆ ನಿಶ್ಚಿತವೆಂಬಂತೆ ತೋರುತ್ತದೆ. ಗ್ರಂಥಸಂಪಾದಕರು ಈ ಸಂಗತಿಯನ್ನು ಸಾಕಷ್ಟು ಗಮನಿಸಿದಂತಿಲ್ಲ. ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದಲ್ಲಿ (1903) ಬಿ. ಎಲ್. ರೈಸ್ ಅವರು ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ ಮೊದಲಾದ ತಾಲ್ಲೂಕುಗಳ ಶಾಸನಗಳನ್ನು ಕನ್ನಡ ಹಾಗೂ ರೋಮನ್ ಲಿಪಿಗಳಲ್ಲಿ, ಇಂಗ್ಲಿಷ್ ಅನುವಾದಸಹಿತ ಪ್ರಕಟಿಸಿದರು. ಆ ಉಪಕಾರ ಸಾಮಾನ್ಯವಾದುದಲ್ಲ. ಆದರೆ ಅಚ್ಚುಮೊಳೆಗೆ ಕಾಲಭೇದವಿಲ್ಲ. ಹೊಯ್ಸಳರ ಕಾಲದ ಲಿಪಿಗೂ ದುರ್ಗದ ನಾಯಕರ ಕಾಲದ ಲಿಪಿಗೂ ಅಲ್ಲಿ ಒಂದೇ ರೂಪ.

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿರುವ ಮಯೂರಶರ್ಮನ ಶಾಸನವನ್ನು 1929ರಲ್ಲಿ ಬೆಳಕಿಗೆ ತಂದ ಎಂ. ಎಚ್. ಕೃಷ್ಣ ಅವರು ಅದರಲ್ಲಿ ಆಭೀರ, ಪಲ್ಲವ, ಪುಣಾಟ ಮೊದಲಾದ ಹೆಸರುಗಳನ್ನು ಓದಿದರು. ಅಚ್ಚಾದ ಆ ಪಟ್ಟಿ ಇತಿಹಾಸಗ್ರಂಥಗಳಲ್ಲಿ ಸೇರಿಹೋಯಿತು. ಬಂಡೆಯ ಸವೆದ ಗೆರೆಗಳು ಅದರ ಜೊತೆಗೆ ಹೋಗಲಿಲ್ಲ. ಮುಂದೆ ಬಿ. ರಾಜಶೇಖರಪ್ಪ ಮೊದಲಾದ ವಿದ್ವಾಂಸರು ಈ ಓದನ್ನು ಪ್ರಶ್ನಿಸಿದರು.

ಬಂಡೆಯನ್ನು ಯಾರಾದರೂ ಹೋಗಿ ನೋಡಬಹುದು. ತಾಡವೋಲೆಗೆ ಆ ಭಾಗ್ಯವಿಲ್ಲ. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಹೊರಬಂದ ಧವಲಾ ಟೀಕೆಯ ಪ್ರಥಮ ಸಂಪುಟವು ಮೂಡಬಿದಿರೆಯ ಓಲೆಗಳ ಪ್ರತಿಯ ಪ್ರತಿಗಳನ್ನು ಅವಲಂಬಿಸಿ ಅಚ್ಚಾಯಿತು. ಮೂಲ ಓಲೆಗಳೊಡನೆ ತಾಳೆ ನೋಡುವ ಅವಕಾಶ ಒದಗಿದ್ದು ಅನಂತರ.

ಹಿಂದೆ ಛಾಯಾಚಿತ್ರಕ್ಕೆ ಬ್ಲಾಕು ಮಾಡಿಸುವ ವೆಚ್ಚ ಅಡ್ಡಿಯಾಗಿತ್ತು. ಆಫ್‌ಸೆಟ್ ಮುದ್ರಣದಲ್ಲಿ ಆ ನೆಪಕ್ಕೆ ಎಡೆಯಿಲ್ಲ. ಆದರೂ ಅನೇಕ ಸಂಪಾದಿತ ಗ್ರಂಥಗಳಲ್ಲಿ ಓಲೆಯ ಒಂದೆರಡು ಚಿತ್ರಗಳು ಕೇವಲ ಅಲಂಕಾರಕ್ಕೆಂಬಂತೆ ಮೊದಲ ಪುಟಗಳಲ್ಲಿರುತ್ತವೆ. ವಿವಾದಾಸ್ಪದ ಪಾಠವಿರುವ ಗರಿಯ ಚಿತ್ರವನ್ನೇ ಆಯಾ ಪದ್ಯದ ಬಳಿ ಕೊಡಬೇಕು. ಸಂಪಾದಕನು ಊಹಿಸಿದ ಅಕ್ಷರವನ್ನು ಕಂಸದಲ್ಲಿರಿಸಬೇಕು.