ಗಾಥಿಕ್ ಪೀಠೋಪಕರಣಗಳಲ್ಲಿ ಅಲಂಕಾರೌಚಿತ್ಯ

ಅಲಂಕಾರವು ಕಾವ್ಯಕ್ಕೆ ಒಡಲೋ ತೊಡವೋ ಎಂಬ ಚರ್ಚೆಯು ನಮ್ಮ ಲಾಕ್ಷಣಿಕರಿಗೆ ಹಳೆಯದು. ಇದೇ ಚರ್ಚೆಯು ಮರಗೆಲಸದಲ್ಲಿಯೂ ಒಮ್ಮೆ ನಡೆದುದುಂಟು. ಅದನ್ನು ನಡೆಯಿಸಿದವನು ಇಂಗ್ಲೆಂಡಿನ ವಾಸ್ತುಶಿಲ್ಪಿ ಅಗಸ್ಟಸ್ ಪ್ಯೂಜಿನ್ (1812–1852).

1827ರಲ್ಲಿ, ತನ್ನ 15ನೆಯ ವಯಸ್ಸಿನಲ್ಲಿಯೇ, ಈತನು ನಾಲ್ಕನೆಯ ಜಾರ್ಜ್ ದೊರೆಯ ವಿಂಡ್ಸರ್ ಅರಮನೆಗೆ ಗಾಥಿಕ್ ರೀತಿಯ ಪೀಠೋಪಕರಣಗಳನ್ನು ಕಲ್ಪಿಸಿಕೊಟ್ಟನು. ಗಾಥಿಕ್ ಎಂದರೆ ಮಧ್ಯಯುಗದ ಯೂರೋಪಿನ ಇಗರ್ಜಿಗಳಲ್ಲಿ ಕಾಣುವ, ಮೊನೆಯುಳ್ಳ ಕಮಾನುಗಳ ರೀತಿ. ಆದರೆ 1841ರಲ್ಲಿ ತನ್ನ ಲಕ್ಷಣಗ್ರಂಥವನ್ನು ಪ್ರಕಟಿಸಿದಾಗ, ಆ ಕೃತಿಗಳೆಲ್ಲವೂ ಗಾಥಿಕ್ ರೀತಿಯ ಅಣಕವೆಂದು ತಾನೇ ಖಂಡಿಸಿದನು. ಕಲ್ಲಿನ ಗೋಡೆಗೆ ಆಸರೆಯಾಗಲೆಂದು ಹುಟ್ಟಿದ ಊರೆಗಳನ್ನು ತೋಳುಕುರ್ಚಿಗೆ ಹಚ್ಚಿದರೆ ಅವು ಏನನ್ನು ಹೊರಬೇಕು? ಉಪಯೋಗಕ್ಕೂ ರಚನೆಗೂ ಔಚಿತ್ಯಕ್ಕೂ ಬೇಡವಾದುದು ಯಾವುದೂ ಇರಬಾರದು. ಅಲಂಕಾರವು ರಚನೆಯ ಅಂಗಗಳನ್ನೇ ಸಿಂಗರಿಸತಕ್ಕುದು. ಇದೇ ಆತನ ಸೂತ್ರ.

ಈ ಸೂತ್ರವು ಹಳೆಯ ಬಡಗಿಗಳ ಕೈಯಲ್ಲಿಯೇ ಇದ್ದಿತು. ಓಕ್ ಮರವು ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುವುದು. ಆದಕಾರಣ ಅವರು ದಪ್ಪ ಮರದ ಚೌಕಟ್ಟನ್ನು ಕಟ್ಟಿ, ಒಂದರ ತುದಿಯನ್ನು ಮತ್ತೊಂದರ ರಂಧ್ರದಲ್ಲಿ ಕೂರಿಸಿ, ಮರದ ಬೆಣೆಯಿಂದ ಬಿಗಿದು, ಒಳಗಣ ತೆಳುಹಲಗೆಯನ್ನು ಮಾತ್ರ ಅಂಟು ಹಾಕದೆ ಸಡಿಲವಾಗಿ ಸಂದಿನಲ್ಲಿ ನಿಲ್ಲಿಸುತ್ತಿದ್ದರು. ಹಲಗೆಯು ಉಸಿರಾಡುವುದು, ಸೀಳದು. ಅದರ ಮೇಲೆ ಮಡಿಸಿದ ಬಟ್ಟೆಯ ನಿರಿಗಳಂತೆ ಕಾಣುವ ಕೆತ್ತನೆಯು ಮರದ ಎಳೆಯ ಉದ್ದಕ್ಕೇ ಹರಿಯುವುದು. ಇಲ್ಲಿ ಅಂದವು ಮರದ ಸ್ವಭಾವದಿಂದಲೇ ಹುಟ್ಟಿತೆನ್ನಬೇಕು.

ಪ್ಯೂಜಿನ್ನನು ತನ್ನ ಸೂತ್ರಕ್ಕೆ ತಾನು ನಿಷ್ಠನಾಗಿದ್ದನೆ? 1834ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅರಮನೆಯು ಬೆಂದುಹೋದ ಬಳಿಕ ಎದ್ದ ಹೊಸ ಕಟ್ಟಡದಲ್ಲಿ, 1847ರಲ್ಲಿ ತೆರೆದ ಪ್ರಭುಗಳ ಸಭೆಗೆ ಆತನು ರೂಪಿಸಿದ ಸಿಂಹಾಸನವನ್ನು ನೋಡಬೇಕು. ಹೊನ್ನಿನ ಲೇಪದಡಿಯಲ್ಲಿ ಮರವೂ ಬೆಸುಗೆಯೂ ಮರೆಯಾಗಿವೆ. ಸಿಂಹಾಸನಕ್ಕೆ ವೈಭವವೇ ಔಚಿತ್ಯವೆಂದು ಆತನ ಪಕ್ಷದವರು ಹೇಳಬಹುದು; ಅದು ಸುಳ್ಳಲ್ಲ. ಆದರೆ ಔಚಿತ್ಯವೆಂಬ ಮಾತನ್ನು ಹೀಗೆ ಹಿಗ್ಗಿಸಿದರೆ ವಿಂಡ್ಸರಿನ ಕುರ್ಚಿಯೂ ಅದರೊಳಗೆ ನುಸುಳೀತು. ಬೆಣೆಗಳೇ ತೊಡವಾಗಿ ನಿಂತಿರುವ ಆತನ ಸಾದಾ ಓಕ್ ಮೇಜುಗಳಿಗೆ ಇಂತಹ ಸಮರ್ಥನೆಯು ಬೇಕಾಗದು. ನಮ್ಮ ಮತದಲ್ಲಿ ಅವೇ ಉತ್ತಮ ಕೃತಿಗಳು.

ಆದರೂ ಆತನ ಹಿರಿಮೆಯು ಸೂತ್ರಕ್ಕಿಂತ ಹೆಚ್ಚಾಗಿ ಆ ಆತ್ಮಖಂಡನೆಯಲ್ಲಿದೆ. ಅರಸನು ಮೆಚ್ಚಿದ ಕೃತಿಯನ್ನು ತಪ್ಪೆಂದು ಲೋಕದ ಮುಂದೆ ಒಪ್ಪುವುದು ಅಲ್ಪರಿಗೆ ಸಾಧ್ಯವಲ್ಲ. ಹೊರಲು ಭಾರವಿಲ್ಲದ ಉಪಮೆಗಳನ್ನು ಪದ್ಯಕ್ಕೆ ಹಚ್ಚುವ ನಾವೂ ಒಮ್ಮೆ ನಮ್ಮ ಹಳೆಯ ಹಸ್ತಪ್ರತಿಗಳನ್ನು ಹೀಗೆ ತಿರುವಿ ನೋಡುವುದು ಲೇಸು.