ಗೋಪುರ ಬಂತು, ಪೆಟ್ಟಿಗೆ ಬರಲಿಲ್ಲ

ನಮ್ಮ ಟೆರೇಸಿನ ಮೇಲೆ ನಿಂತರೆ ಬೆಂಗಳೂರಿನ ಜೆ.ಸಿ. ನಗರದ ದೂರದರ್ಶನ ಕೇಂದ್ರದ ಗೋಪುರ ಮರಗಳ ನೆತ್ತಿಯ ಮೇಲೆ ತೆಳ್ಳಗೆ ಕಾಣುತ್ತದೆ. 2018ರ ಬೇಸಿಗೆಯ ಒಂದು ಭಾನುವಾರ ಅದಕ್ಕೆ ಮುಖ ಮಾಡಿ ಆಂಟೆನಾ ಕಟ್ಟಿದೆ. ನೀರಿನ ಟ್ಯಾಂಕಿನ ಪಕ್ಕದ ಕಬ್ಬಿಣದ ಪೈಪು, ಅದರ ತುದಿಗೆ ಅಡಿಯುದ್ದದ ಅಡ್ಡಕಡ್ಡಿಗಳ ಆಂಟೆನಾ, ಅಲ್ಲಿಂದ ಕಿಟಕಿಯೊಳಗೆ ಇಳಿದ ವೈರು. ಸೆಟ್‌ಟಾಪ್ ಪೆಟ್ಟಿಗೆ ಹಾಕಿ ವಾಹಿನಿ ಹುಡುಕಲು ಬಿಟ್ಟೆ. ಸ್ವಲ್ಪ ಹೊತ್ತಿನಲ್ಲೇ ಐದು ವಾಹಿನಿಗಳು ಸಾಲಾಗಿ ಬಂದು ನಿಂತವು. ಚಂದನದ ವಾರ್ತೆ ಓದುತ್ತಿದ್ದವರ ಸೀರೆಯ ಅಂಚಿನ ನೇಯ್ಗೆ ಎಣಿಸುವಷ್ಟು ಚಿತ್ರ ಸ್ವಚ್ಛ. ತಿಂಗಳ ಬಾಡಿಗೆ ಇಲ್ಲ, ಫೋನ್ ನಂಬರ್ ಕೊಡಬೇಕಿಲ್ಲ, ನಾನು ನೋಡುತ್ತಿದ್ದೇನೆಂದು ಯಾರಿಗೂ ಗೊತ್ತಾಗುವುದೂ ಇಲ್ಲ.

ಆ ಪೆಟ್ಟಿಗೆ ಸಿಕ್ಕ ಬಗೆಯನ್ನೂ ಹೇಳಬೇಕು. ಎಲೆಕ್ಟ್ರಾನಿಕ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದಿದ್ದೆ. ಡಿಶ್ಶಿನ ಪೆಟ್ಟಿಗೆ ಕೇಳಿದರೆ ಪ್ರತಿ ಅಂಗಡಿಯಲ್ಲೂ ನಾಲ್ಕು ಬಗೆಯವು ಇದ್ದವು. ಗೋಪುರದಿಂದ ನೇರವಾಗಿ ಬರುವ ಡಿಜಿಟಲ್ ಪ್ರಸಾರವನ್ನು ಹಿಡಿಯುವ ಪೆಟ್ಟಿಗೆ ಒಂದರಲ್ಲೂ ಇರಲಿಲ್ಲ. ಅಂಥದ್ದೊಂದು ಪ್ರಸಾರ ಇದೆಯೆಂಬುದನ್ನೇ ಒಬ್ಬ ಹಿರಿಯ ಅಂಗಡಿಯವರು ನಂಬಲಿಲ್ಲ. "ದೂರದರ್ಶನದ ಆಂಟೆನಾ ನಿಂತು ಎಷ್ಟೋ ವರ್ಷ ಆಯ್ತಲ್ಲ ಸಾರ್" ಎಂದರು. ಕೊನೆಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಗೆಳೆಯ ರಜೆಗೆ ಬರುವಾಗ ಅಲ್ಲಿನ ಮನೆಯ ಹಳೆಯ ಪೆಟ್ಟಿಗೆಯನ್ನೇ ಬಟ್ಟೆಯ ನಡುವೆ ಸುತ್ತಿ ತಂದ. ಬೆಂಗಳೂರಿನ ಗೋಪುರ ಬಿಡುತ್ತಿದ್ದ ಕನ್ನಡ ವಾಹಿನಿಯನ್ನು ನೋಡಲು ಯಾರ್ಕ್‌ಷೈರಿನ ಪೆಟ್ಟಿಗೆ ಬೇಕಾಯಿತು. ಈ ಸೇವೆಯ ಬಗ್ಗೆ ನನ್ನ ಮೆಚ್ಚುಗೆ, ನನ್ನ ದೂರು ಎರಡೂ ಆ ಒಂದು ಭಾನುವಾರದಲ್ಲೇ ಇವೆ.

ಮೆಚ್ಚುಗೆಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಇದನ್ನು ಸರಿಯಾಗಿ ಹೇಳಿದವರು ಕಡಿಮೆ. ಹಳೆಯ ಅನಲಾಗ್ ಪ್ರಸಾರಕ್ಕೆ ಬೆಂಗಳೂರು ಬೆಳೆದಂತೆಲ್ಲ ಕಷ್ಟವಾಯಿತು. ಎತ್ತರದ ಕಟ್ಟಡಕ್ಕೆ ತಾಗಿ ಪ್ರತಿಫಲಿಸಿದ ಅಲೆ ಒಂದಿಷ್ಟು ತಡವಾಗಿ ಬಂದು, ತೆರೆಯ ಮೇಲೆ ಒಬ್ಬರ ಪಕ್ಕದಲ್ಲಿ ಅವರದೇ ನೆರಳಿನಂಥ ಇನ್ನೊಂದು ಮುಖ ಮೂಡುತ್ತಿತ್ತು. ದೂರದರ್ಶನ ಆರಿಸಿಕೊಂಡ ಡಿವಿಬಿ-ಟಿ2 ಎಂಬ ಪದ್ಧತಿ ಈ ಪ್ರತಿಧ್ವನಿಯನ್ನು ಶತ್ರುವೆಂದು ಎಣಿಸುವುದಿಲ್ಲ. ಅದು ಮಾಹಿತಿಯನ್ನು ಒಂದೇ ವೇಗದ ಹೊಳೆಯಾಗಿ ಹರಿಸದೆ ಸಾವಿರಾರು ಸಣ್ಣ ಕಾಲುವೆಗಳಲ್ಲಿ ನಿಧಾನವಾಗಿ ಹರಿಸುತ್ತದೆ. ಒಂದೊಂದು ಕಂತಿನ ನಡುವೆ ಚೂರು ಬಿಡುವು ಕೊಡುತ್ತದೆ. ಗೋಡೆಗೆ ತಾಗಿ ತಡವಾಗಿ ಬಂದ ಅಲೆ ಆ ಬಿಡುವಿನೊಳಗೆ ಬಂದು ಸೇರಿದರೆ ಚಿತ್ರ ಕೆಡುವುದಿಲ್ಲ. ಹಿಂದೆ ಒಂದೇ ವಾಹಿನಿ ತುಂಬಿಕೊಳ್ಳುತ್ತಿದ್ದ 8 ಮೆಗಾಹರ್ಟ್ಜ್ ಜಾಗದಲ್ಲಿ ಈಗ ಹಲವು ವಾಹಿನಿಗಳು ಕೂರುತ್ತವೆ.

ಮಲೆನಾಡಿಗೆ ಇದರಿಂದ ಇನ್ನೂ ದೊಡ್ಡ ಪ್ರಯೋಜನವಿತ್ತು. ಅನಲಾಗ್ ಕಾಲದಲ್ಲಿ ಒಂದು ಗುಡ್ಡದ ಮರುಪ್ರಸಾರ ಕೇಂದ್ರ ಒಂದು ತರಂಗಾಂತರದಲ್ಲಿ ಬಿಟ್ಟರೆ ಪಕ್ಕದ ಗುಡ್ಡದ್ದು ಬೇರೊಂದರಲ್ಲಿ ಬಿಡಬೇಕಿತ್ತು, ಇಲ್ಲದಿದ್ದರೆ ಎರಡೂ ಕಲಸಿಹೋಗುತ್ತಿದ್ದವು. ಹೊಸ ಪದ್ಧತಿಯಲ್ಲಿ ಅಕ್ಕಪಕ್ಕದ ಗೋಪುರಗಳೆಲ್ಲ ಒಂದೇ ತರಂಗಾಂತರದಲ್ಲಿ ಒಟ್ಟಿಗೆ ಬಿಡಬಹುದು. ಒಂದರ ಅಲೆ ಇನ್ನೊಂದಕ್ಕೆ ಪ್ರತಿಧ್ವನಿಯಷ್ಟೇ. ಕಣಿವೆ ಕಣಿವೆಗೂ ಒಂದು ಸಣ್ಣ ಗೋಪುರ ನಿಲ್ಲಿಸಿ ಇಡೀ ಜಿಲ್ಲೆಯನ್ನು ಒಂದೇ ತರಂಗಾಂತರದಲ್ಲಿ ಮುಗಿಸುವ ಉಪಾಯ ಅದು.

ದೋಷವೂ ಇದೆ. ಅನಲಾಗ್ ಚಿತ್ರ ಮೆಲ್ಲಮೆಲ್ಲನೆ ಕೆಡುತ್ತಿತ್ತು. ಮಾಡಿನ ಮೇಲೆ ಹತ್ತಿದವರು ಗಳ ತಿರುಗಿಸುವಾಗ ಕೆಳಗಿನಿಂದ "ಬಂತು, ಬಂತು, ಹೋಯ್ತು, ಇನ್ನೊಂಚೂರು ಈ ಕಡೆ" ಎಂದು ಕೂಗುತ್ತಿದ್ದೆವಲ್ಲ, ಆ ಕೂಗು ಕೆಲಸ ಮಾಡುತ್ತಿದ್ದುದೇ ತೆರೆಯ ಮೇಲಿನ ಕಾಳುಗಳಿಂದ. ಕಾಳು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದೇ ಯಾವ ಕಡೆ ತಿರುಗಿಸಬೇಕೆಂದು ಹೇಳುತ್ತಿತ್ತು. ಡಿಜಿಟಲ್ಲಿನಲ್ಲಿ ಕಾಳಿಲ್ಲ. ಸಂಕೇತ ಸಾಕಷ್ಟಿದ್ದರೆ ಚಿತ್ರ ಪೂರ್ತಿ ಚೆನ್ನ, ಒಂದು ಗೆರೆಯ ಕೆಳಗಿಳಿದರೆ ಚೌಕಚೌಕವಾಗಿ ಒಡೆದು ನಿಂತುಹೋಗುತ್ತದೆ. ಆ ಗೆರೆಯ ಹತ್ತಿರ ಇದ್ದೇವೆಂಬುದು ಚಿತ್ರ ನೋಡಿ ತಿಳಿಯುವುದಿಲ್ಲ, ಪೆಟ್ಟಿಗೆಯ ಸಂಕೇತ ಮಾಪಕ ನೋಡಿಯೇ ತಿಳಿಯಬೇಕು. ನಾನು ಆಂಟೆನಾವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದಾಗ ಮಾಪಕ ಅರ್ಧಕ್ಕಿಳಿಯಿತು, ಚಿತ್ರ ಮಾತ್ರ ಮೊದಲಿನಂತೆಯೇ ಇತ್ತು. ಗೊತ್ತಿಲ್ಲದವರು ಅಲ್ಲೇ ಕಟ್ಟಿ ಇಳಿದು, ಮಾರನೆಯ ವಾರ ಎದುರಿನ ಮರ ಚಿಗುರಿದಾಗ ಕಪ್ಪು ತೆರೆ ನೋಡುತ್ತಾರೆ. ಇದನ್ನು ಜನಕ್ಕೆ ಕಲಿಸಬೇಕಿತ್ತು. ಯಾರೂ ಕಲಿಸಲಿಲ್ಲ.

ಇಲ್ಲಿಂದ ನನ್ನ ದೂರು ಶುರು. ಪ್ರಸಾರ ಎಂದರೆ ಅರ್ಧ ಗೋಪುರ, ಅರ್ಧ ಮನೆಯೊಳಗಿನ ಪೆಟ್ಟಿಗೆ. ಈ ಮಾತು ನಮ್ಮ ದೇಶಕ್ಕೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟೀವಿ ಬಂತು. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಅಂದು ಸರ್ಕಾರ ಕಾರ್ಯಕ್ರಮವನ್ನಷ್ಟೇ ಕಳಿಸಿ ಸುಮ್ಮನಾಗಲಿಲ್ಲ. ಹತ್ತಡಿ ಅಗಲದ ಜಾಲರಿಯ ಆಂಟೆನಾ, ಟೀವಿ, ಕರೆಂಟಿಲ್ಲದ ಊರಿಗೆ ಬ್ಯಾಟರಿ, ಕೆಟ್ಟರೆ ರಿಪೇರಿಗೆ ಜನ, ಎಲ್ಲವನ್ನೂ ಊರಿನ ಕಟ್ಟೆಯವರೆಗೆ ಒಯ್ದಿತು. ಒಂದು ವರ್ಷ ಮುಗಿದು ಅಮೆರಿಕದ ಆ ಉಪಗ್ರಹವನ್ನು ಬೇರೆಡೆ ಸರಿಸಿದಾಗಲೂ ಆ ಸೀಮೆಯನ್ನು ಪೂರ್ತಿ ಕೈಬಿಡಲಿಲ್ಲ. 1977ರಲ್ಲಿ ಕಲಬುರಗಿಗೆ ಭೂಪ್ರಸಾರದ ಟ್ರಾನ್ಸ್‌ಮಿಟರ್ ಬಂತು. ರಾಜಧಾನಿ ಬೆಂಗಳೂರಿಗಿಂತ ವರ್ಷಗಳ ಮೊದಲೇ ಕಲಬುರಗಿಯಲ್ಲಿ ಟೀವಿ ಗೋಪುರ ನಿಂತಿತ್ತೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ?

ಅಷ್ಟು ಬಡವರಾಗಿದ್ದಾಗ ಗೊತ್ತಿದ್ದದ್ದು ನಲವತ್ತು ವರ್ಷ ಕಳೆದ ಮೇಲೆ ಮರೆತುಹೋಯಿತು. 2016ರ ಫೆಬ್ರವರಿಯಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ದೂರದರ್ಶನದ ಡಿಜಿಟಲ್ ಭೂಪ್ರಸಾರ ಆರಂಭವಾಯಿತು. ಫೋನಿಗೆ ಡಾಂಗಲ್ ಸಿಕ್ಕಿಸಿ ಬಸ್ಸಿನಲ್ಲೂ ನೋಡಬಹುದೆಂಬ ಮಾತು ಬಂತು. ಆದರೆ ಮಾರಾಟವಾಗುವ ಪ್ರತಿ ಟೀವಿಯಲ್ಲೂ ಈ ಪ್ರಸಾರ ಹಿಡಿಯುವ ಟ್ಯೂನರ್ ಇರಲೇಬೇಕೆಂಬ ನಿಯಮ ಬರಲಿಲ್ಲ. ಬಡವರಿಗೆ ಅಗ್ಗದ ಪೆಟ್ಟಿಗೆಯ ಯೋಜನೆಯೂ ಬರಲಿಲ್ಲ. ಕಾಯಿದೆ ಮಾಡಿ ಪೆಟ್ಟಿಗೆ ಕೂರಿಸುವುದು ಸರ್ಕಾರಕ್ಕೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕೇಬಲ್ ಡಿಜಿಟಲ್ ಆಗಬೇಕೆಂದು ಕಾನೂನು ತಂದು, 2013ರ ಮಾರ್ಚ್ ಕೊನೆಯ ಗಡುವಿಟ್ಟು ಬೆಂಗಳೂರು, ಮೈಸೂರಿನ ಮನೆಮನೆಗೂ ಸೆಟ್‌ಟಾಪ್ ಬಾಕ್ಸ್ ಹಾಕಿಸಿದ್ದು ಇದೇ ಸರ್ಕಾರಿ ವ್ಯವಸ್ಥೆ. ದುಡ್ಡು ಕೊಟ್ಟು ನೋಡುವ ಪ್ರಸಾರಕ್ಕೆ ಬಂದ ಕಾಯಿದೆ ಬಿಟ್ಟಿ ನೋಡುವ ಪ್ರಸಾರಕ್ಕೆ ಬರಲಿಲ್ಲ. 2023ರ ಆರಂಭದಲ್ಲಿ ಭಾರತೀಯ ಮಾನಕ ಬ್ಯೂರೋ ಒಳಗೇ ಟ್ಯೂನರ್ ಇರುವ ಟೀವಿಗಳಿಗೆ ಮಾನದಂಡ ಹೊರಡಿಸಿತು. ಓದಿ ನೋಡಿದರೆ ಅದು ಉಪಗ್ರಹದ ಟ್ಯೂನರ್.

ಪೆಟ್ಟಿಗೆ ಇದ್ದಿದ್ದರೂ ಜನ ಏಕೆ ನೋಡಬೇಕಿತ್ತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಗೋಪುರ ಕೊಟ್ಟ ಐದೂ ವಾಹಿನಿಗಳು ದೂರದರ್ಶನದವೇ, ಐದೂ ಅದರದೇ ಉಚಿತ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ಇನ್ನೂ ಹತ್ತಾರು ವಾಹಿನಿಗಳ ಜೊತೆ ಸಿಗುತ್ತಿದ್ದವು. 2017ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಈ ಕ್ಷೇತ್ರವನ್ನು ಖಾಸಗಿಯವರಿಗೂ ತೆರೆಯಬೇಕೆಂದು, 2023ರ ಕೊನೆಯ ಹೊತ್ತಿಗೆ ಇಡೀ ದೇಶವನ್ನು ಹಂತ ಹಂತವಾಗಿ ಡಿಜಿಟಲ್ ಮಾಡಬೇಕೆಂದು ಶಿಫಾರಸು ಮಾಡಿತ್ತು. ಅದು ಜಾರಿಗೆ ಬರಲಿಲ್ಲ. ಆದರೂ ನನ್ನ ಅಸಮಾಧಾನ ವಾಹಿನಿಗಳ ಸಂಖ್ಯೆಯ ಬಗ್ಗೆ ಅಲ್ಲ. ಗೋಪುರಕ್ಕೆ ಒಂದು ಊರಿದೆ, ಉಪಗ್ರಹಕ್ಕೆ ಇಲ್ಲ. ಉಪಗ್ರಹದ ಬೆಳಕು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಹರವಿನಲ್ಲಿ ಬೀಳುತ್ತದೆ. ಗೋಪುರದ ಮಾತು ನಲವತ್ತು, ಐವತ್ತು ಕಿಲೋಮೀಟರ್ ಸುತ್ತಲಿನವರಿಗೆ. ಕಲಬುರಗಿಯ ಗೋಪುರ ತೊಗರಿಯ ಧಾರಣೆ ಹೇಳಬಹುದು, ಮಂಗಳೂರಿನದು ಮೀನುಗಾರರಿಗೆ ಗಾಳಿಯ ಎಚ್ಚರಿಕೆ ಹೇಳಬಹುದು, ತುಳುವಿನಲ್ಲೇ ಹೇಳಬಹುದು. 16 ನಗರಗಳ ಗೋಪುರಗಳಿಗೆ ಆ ಕೆಲಸ ಕೊಡಲೇ ಇಲ್ಲ. ದೂರದರ್ಶನದ ಅದೇ ವಾಹಿನಿಗಳನ್ನು ಬಿಡುವುದಕ್ಕೆ ಅಷ್ಟೆತ್ತರ ಬೇಕಿರಲಿಲ್ಲ.

ಫ್ರೀ ಡಿಶ್ ಇರುವಾಗ ಇದೆಲ್ಲ ಏಕೆ ಎನ್ನುವವರಿಗೆ ನನ್ನಲ್ಲಿ ಗೌರವವಿದೆ. 2004ರಲ್ಲಿ ಶುರುವಾದ ಆ ಸೇವೆ ಇಂದು ನಾಲ್ಕು ಕೋಟಿಗೂ ಹೆಚ್ಚು ಮನೆಗಳನ್ನು ಮುಟ್ಟಿದೆಯೆಂಬ ಅಂದಾಜಿದೆ. ತಿಂಗಳ ಬಾಡಿಗೆ ಅದಕ್ಕೂ ಇಲ್ಲ. ದೂರದರ್ಶನ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೊಂದು. ಆದರೆ ಆಗುಂಬೆಯ ಕಡೆಯವರನ್ನು ಜುಲೈ ತಿಂಗಳಲ್ಲಿ ಕೇಳಿ ನೋಡಿ. ಡಿಶ್‌ಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು. ದಪ್ಪ ಹನಿಯ ಜಡಿಮಳೆ ಅದನ್ನು ದಾರಿಯಲ್ಲೇ ನುಂಗಿಬಿಡುತ್ತದೆ. ಗೋಪುರದ ಅಲೆಯ ಉದ್ದ ಅರವತ್ತು ಸೆಂಟಿಮೀಟರಿನ ಆಸುಪಾಸು. ಮಳೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಅಡ್ಡ ಬರುವುದು ಗುಡ್ಡ, ಗುಡ್ಡಕ್ಕೆ ಪರಿಹಾರ ಆಗಲೇ ಹೇಳಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು, ರಸ್ತೆ ಕಡಿದು, ಕರೆಂಟು ಹೋದ ದಿನಗಳನ್ನು ನೆನೆದರೆ, ಹೆಚ್ಚು ಮಳೆ ಬೀಳುವ ನಾಡಿಗೆ ಮಳೆಯಲ್ಲೇ ಕೈಕೊಡುವ ಪ್ರಸಾರ ಒಂದನ್ನೇ ನೆಚ್ಚಿಸಿದ್ದು ತಪ್ಪೆಂದೇ ನನಗೆ ಅನ್ನಿಸುತ್ತದೆ.

ಒಂದು ಕಾಲಕ್ಕೆ ದೂರದರ್ಶನದ ಬಳಿ ಸುಮಾರು 1,400 ಭೂಪ್ರಸಾರ ಕೇಂದ್ರಗಳಿದ್ದವು. 2022ರ ಹೊತ್ತಿಗೆ ಗಡಿ, ದ್ವೀಪ, ಸೂಕ್ಷ್ಮ ಪ್ರದೇಶಗಳ ಸುಮಾರು 50 ಬಿಟ್ಟು ಅನಲಾಗ್ ಕೇಂದ್ರಗಳನ್ನೆಲ್ಲ ಮುಚ್ಚಲಾಯಿತು. ಮುಚ್ಚಿದ್ದನ್ನು ನಾನು ವಿರೋಧಿಸುವುದಿಲ್ಲ. ಹಳೆಯ ಯಂತ್ರ, ಕರೆಂಟಿನ ಖರ್ಚು, ನೋಡುವವರಿಲ್ಲದ ಪ್ರಸಾರ, ತರಂಗಾಂತರ ಸುಮ್ಮನೆ ಕಟ್ಟಿಕೊಂಡು ಕೂತದ್ದು, ಇವೆಲ್ಲ ಒಪ್ಪುವ ಕಾರಣಗಳು. ಆದರೆ 1976ರಲ್ಲಿ ಉಪಗ್ರಹದ ಪ್ರಸಾರ ಹೋದಾಗ ಅದರ ಜಾಗಕ್ಕೆ ಗೋಪುರ ಬಂದಿತ್ತು. ಈ ಸಲ ಬರಲಿಲ್ಲ. ನನ್ನ ಆಕ್ಷೇಪ ಅಷ್ಟೇ, ಆದರೆ ಅದು ಸಣ್ಣದಲ್ಲ.

ಪೆಟ್ಟಿಗೆ ತಂದುಕೊಟ್ಟ ಗೆಳೆಯನ ಊರಿನ ಕಥೆ ಬೇರೆ. ಅವನ ಮನೆಯ ಆಂಟೆನಾ ಹಡರ್ಸ್‌ಫೀಲ್ಡ್ ಬಳಿಯ ಎಮ್ಲಿ ಮೂರ್ ಗೋಪುರಕ್ಕೆ ಮುಖ ಮಾಡಿದೆ. ಮನೆಯ ಆಂಟೆನಾ ಯಾವ ಗೋಪುರದ ಕಡೆ ನೋಡುತ್ತದೆಯೋ ಆ ಪ್ರದೇಶದ ಸುದ್ದಿಯೇ ಸಂಜೆ ಬರುತ್ತದೆ. 2007ರಿಂದ 2012ರವರೆಗೆ ಬ್ರಿಟನ್ ಒಂದೊಂದೇ ಪ್ರದೇಶವಾಗಿ ಅನಲಾಗ್ ನಿಲ್ಲಿಸಿತು. ವಯಸ್ಸಾದವರಿಗೆ, ಅಂಗವಿಕಲರಿಗೆ ಪೆಟ್ಟಿಗೆ ಕೊಟ್ಟು ಮನೆಗೆ ಬಂದು ಜೋಡಿಸಿಕೊಡುವ ನೆರವಿನ ಯೋಜನೆಯನ್ನೂ ಜೊತೆಗೇ ನಡೆಸಿತು. 2021ರ ಆಗಸ್ಟ್ 10ರಂದು ಉತ್ತರ ಯಾರ್ಕ್‌ಷೈರಿನ ಬಿಲ್ಸ್‌ಡೇಲ್ ಗೋಪುರಕ್ಕೆ ಬೆಂಕಿ ಬಿದ್ದು ಲಕ್ಷಾಂತರ ಮನೆಗಳ ಟೀವಿ ನಿಂತಾಗ ಅದು ಸಂಸತ್ತಿನಲ್ಲಿ ಚರ್ಚೆಯಾಯಿತು. ಅಕ್ಟೋಬರ್‌ನಲ್ಲಿ 80 ಮೀಟರಿನ ತಾತ್ಕಾಲಿಕ ಗೋಪುರ ಎದ್ದಿತು. ಒಂದು ಗೋಪುರದ ಪ್ರಸಾರ ನಿಂತದ್ದು ಅಲ್ಲಿ ಊರಿನ ವಿಷಯವಾಯಿತು. ಇಲ್ಲಿ ನೂರಾರು ಗೋಪುರಗಳು ಮೌನವಾದದ್ದು ಎಸ್.ಪಿ. ರಸ್ತೆಯ ಅಂಗಡಿಯವರ ಒಂದು ವಾಕ್ಯವಾಗಿ ಉಳಿಯಿತು.

ಈಗ ಇದೇ ವಿಷಯ ಹೊಸ ಹೆಸರಿನಲ್ಲಿ ಬಂದಿದೆ. ಇಂಟರ್ನೆಟ್ ಇಲ್ಲದೆ ಗೋಪುರದಿಂದ ನೇರ ಫೋನಿಗೆ ಪ್ರಸಾರ, ಡಿ2ಎಂ. ಪ್ರಸಾರ ಭಾರತಿ, ಕಾನ್ಪುರದ ಐಐಟಿ, ನಮ್ಮ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಕೂಡಿ ನಡೆಸಿದ ಪ್ರಯೋಗಗಳು ಬೆಂಗಳೂರಿನಲ್ಲೂ ಆಗಿವೆ. ಅದರ ಚಿಪ್ಪನ್ನು ರೂಪಿಸಿದ್ದು ಇದೇ ಊರಿನಲ್ಲಿ, ಅದು ಹೆಮ್ಮೆಯ ವಿಷಯ. ಆದರೆ ಆ ಚಿಪ್ಪನ್ನು ಫೋನಿನೊಳಗೆ ಹಾಕಲು ಕೆಲವು ಫೋನ್ ತಯಾರಕರು ಖರ್ಚಿನ ಕಾರಣ ಹೇಳಿ ಆಕ್ಷೇಪಿಸಿದ್ದಾರೆ. 2016ರಲ್ಲಿ ಬಿಟ್ಟ ಅರ್ಧವೇ ಮತ್ತೆ ಬಿಟ್ಟುಹೋಗುವ ಲಕ್ಷಣ ಇದು.

ಹಾಗಾಗಿ ಪ್ರಸಾರ ಭಾರತಿಯಲ್ಲೂ ಸಚಿವಾಲಯದಲ್ಲೂ ಕೂತಿರುವವರಲ್ಲಿ ನನ್ನ ಬೇಡಿಕೆ ಇದು. ಮುಂದಿನ ಗೋಪುರಕ್ಕೆ ಟೆಂಡರ್ ಕರೆಯುವ ಮೊದಲು, ಅದನ್ನು ಹಿಡಿಯುವ ಟ್ಯೂನರ್ ಇಲ್ಲದ ಟೀವಿ, ಫೋನುಗಳನ್ನು ಮಾರುವಂತಿಲ್ಲವೆಂಬ ನಿಯಮ ತನ್ನಿ. ಮೊದಲ ಗೋಪುರವನ್ನು ಬೆಂಗಳೂರಿನಲ್ಲಿ ನಿಲ್ಲಿಸಬೇಡಿ, ಇಲ್ಲಿ ನಮಗೆ ಬೇರೆ ದಾರಿಗಳಿವೆ. ಮಡಿಕೇರಿಯಲ್ಲೋ ತೀರ್ಥಹಳ್ಳಿಯಲ್ಲೋ ಮಳೆಗಾಲಕ್ಕೆ ಮೊದಲು ನಿಲ್ಲಿಸಿ, ಅದಕ್ಕೆ ಅಲ್ಲಿನವರ ಕೈಯಲ್ಲೇ ದಿನಕ್ಕೆ ಒಂದು ಗಂಟೆ ಸುದ್ದಿ ಓದಿಸಿ.